ಎಫ್‌ಸಿ ದಿನದ ಗಾಡಿ, ಮಾರನೇ ದಿನದ ಗಾಡಿ

ನನ್ನ ಹತ್ತಿರ ಎರಡು ಪಿಕಪ್ ಇವೆ. ಹಾಸನದ ಸುತ್ತಮುತ್ತಲಿಂದ ಆಲೂಗಡ್ಡೆ, ಕೋಸು, ಬೀನ್ಸ್, ಸೀಸನ್ ಇದ್ದರೆ ಶುಂಠಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ಕೆಲಸ. ಎರಡನೇ ಗಾಡಿಗೆ ಡ್ರೈವರ್ ಇದ್ದಾನೆ, ಮೊದಲನೆಯದನ್ನು ಈಗಲೂ ನಾನೇ ಓಡಿಸುತ್ತೇನೆ. ಅದು 2013ರ ಜನವರಿಯಲ್ಲಿ ರಿಜಿಸ್ಟರ್ ಆದದ್ದು, 2017ರಲ್ಲಿ ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈ ಕಥೆ ಅದರದ್ದೇ.

ಸರ್ಕಾರ ಗಾಡಿಗಳ ತಪಾಸಣೆ ಕಡ್ಡಾಯ ಮಾಡಬೇಕಾ ಅಂತ ಕೇಳಿದರೆ 2021ರ ತನಕ ನನ್ನದು ಒಂದೇ ಉತ್ತರ. ಇದೆಲ್ಲ ದುಡ್ಡು ಕೀಳೋ ದಂಧೆ, ಬಿಟ್ಟಾಕಿ ಅಂತ. ಈಗ ಹಾಗೆ ಹೇಳುವುದಿಲ್ಲ. ಇದರಲ್ಲಿ ದುಡ್ಡು ಕೀಳುವವರೇ ಇಲ್ಲ ಅಂತಲೂ ಹೇಳುವುದಿಲ್ಲ, ಅದು ಬೇರೆ ಮಾತು.

ಗೊತ್ತಿಲ್ಲದವರಿಗೆ ಒಂದು ಮಾತು. ಯೆಲ್ಲೋ ಬೋರ್ಡ್ ಗಾಡಿಗೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಇರಲೇಬೇಕು. ಇದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹೊಸ ಗಾಡಿಗೆ ಎರಡು ವರ್ಷ ನಡೆಯುತ್ತದೆ, ಆಮೇಲೆ ಮೊದಲೆಲ್ಲ ವರ್ಷ ವರ್ಷ ಮಾಡಿಸಬೇಕಿತ್ತು. 2018ರ ನವೆಂಬರಿನಲ್ಲಿ ನಿಯಮ ಬದಲಾಯಿತು. ಗಾಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ದಿನ ನಾವು ನಾಲ್ಕೈದು ಗಾಡಿಯವರು ಸ್ಟ್ಯಾಂಡಿನಲ್ಲಿ ಟೀ ಕುಡಿದು ಖುಷಿಪಟ್ಟಿದ್ದೆವು. ಪೀಡೆ ಅರ್ಧ ತೊಲಗಿತು ಅಂತ.

ಯಾಕೆ ಪೀಡೆ ಅಂದರೆ, ನಾನು ಮಾಡಿಸಿದ ಮೊದಲನೇ ಎಫ್‌ಸಿ ಹೇಗಿತ್ತು ಅಂತ ಕೇಳಿ. 2018ರ ಜನವರಿ. ಗಾಡಿಯನ್ನು ಮೂರು ದಿನ ಗ್ಯಾರೇಜಿನಲ್ಲಿ ಬಿಟ್ಟೆ. ಟಿಂಕರಿಂಗ್ ಆಯಿತು, ಪೇಂಟ್ ಆಯಿತು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದ್ದಾಯಿತು. ಒಡೆದ ಇಂಡಿಕೇಟರ್ ಬದಲಾಯಿತು, ಪೋಂ ಪೋಂ ಹಾರ್ನ್ ಬಿಚ್ಚಿ ಸಾದಾ ಹಾರ್ನ್ ಬಂತು, ಎಮಿಷನ್ ಟೆಸ್ಟ್ ಹೊಸದಾಗಿ ಮಾಡಿಸಿದೆ, ಖಾಲಿ ಇದ್ದ ಫಸ್ಟ್ ಏಡ್ ಡಬ್ಬಿಗೆ ಹತ್ತಿ ಅಯೋಡಿನ್ ಬಿತ್ತು. ಇನ್ನು ಟೈರು. ಪಿಕಪ್, ಕಾರು, ಲಾರಿಗಳ ಟೈರಿನ ಗಟ್ಟೆ, ಅಂದರೆ ಮೇಲಿನ ಗೀರು, ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು ಅನ್ನುವುದು ನಿಯಮ. ನನ್ನ ಹಿಂದಿನ ಎರಡು ಟೈರು ಬೋಡು ತಲೆಯ ಹಾಗಿದ್ದವು. ಹೊಸದಕ್ಕೆ ದುಡ್ಡಿರಲಿಲ್ಲ. ಅದೇ ಸೈಜಿನ ಟೈರಿದ್ದ ಒಬ್ಬ ಗೆಳೆಯನ ಗಾಡಿಯಿಂದ ಎರಡು ಚಕ್ರ ಬಿಚ್ಚಿ ತಂದು ನನ್ನದಕ್ಕೆ ಹಾಕಿದೆ. ಸಂಜೆ ಎಫ್‌ಸಿ ಮುಗಿಸಿಕೊಂಡು ಬಂದು ವಾಪಸ್ ಕೊಟ್ಟೆ. ಬೋಡು ಟೈರು ಮತ್ತೆ ನನ್ನ ಗಾಡಿಗೇ ಬಂತು, ಮಾರನೇ ದಿನ ಬೆಳಿಗ್ಗೆ ಅದರಲ್ಲೇ ಘಾಟಿ ಇಳಿದೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು, ಟೈರ್ ಬಾಡಿಗೆಗೆ ಕೊಡುವವರೂ ಇದ್ದರು.

ತಪಾಸಣೆ ಹತ್ತು ನಿಮಿಷ. ಯಾವ ಆರ್‌ಟಿಒ ಆಫೀಸು ಅಂತ ಹೇಳುವುದಿಲ್ಲ. ತಪಾಸಣೆ ಮಾಡುವ ಸಾಹೇಬರು ಒಂದು ಸುತ್ತು ಹಾಕಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು ನೋಡಿದರು, ಲೈಟ್ ಹಾಕಿಸಿದರು, ಹಾರ್ನ್ ಹೊಡೆಸಿದರು, ಸ್ವಲ್ಪ ಮುಂದೆ ಓಡಿಸಿ ಬ್ರೇಕ್ ಹಾಕು ಅಂದರು. ಹಾಕಿದೆ, ನಿಂತಿತು. ಖಾಲಿ ಗಾಡಿ, ಸಮತಟ್ಟು ಜಾಗ, ಹತ್ತು ಕಿಲೋಮೀಟರ್ ಸ್ಪೀಡು, ನಿಲ್ಲದೆ ಏನು ಮಾಡುತ್ತದೆ! ಬ್ರೋಕರ್ ಬೆಳಿಗ್ಗೆಯೇ ಹೇಳಿದ್ದ, "ನೀವು ಗಾಡಿ ತಂದು ನಿಲ್ಲಿಸಿ ಅಣ್ಣಾ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತ. ನೋಡಿಕೊಂಡ.

2019ರ ಜನವರಿಯಲ್ಲಿ ಮತ್ತೆ ಇದೇ ನಾಟಕ, ಅದೇ ಗೆಳೆಯನ ಟೈರು. ಆದರೆ ಈ ಸಲ ಹೊಸ ನಿಯಮದಲ್ಲಿ ಎರಡು ವರ್ಷಕ್ಕೆ ಎಫ್‌ಸಿ ಸಿಕ್ಕಿತು, 2021ರ ಜನವರಿ ತನಕ. ಅಷ್ಟರಲ್ಲಿ ಕೊರೊನಾ ಬಂತು. 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ಗಾಡಿ ಕಾಗದಗಳನ್ನೆಲ್ಲ ಕೇಂದ್ರ ಸರ್ಕಾರ ಕಂತು ಕಂತಾಗಿ ಮುಂದೂಡುತ್ತಾ ಹೋಗಿ ಕೊನೆಗೆ 2021ರ ಅಕ್ಟೋಬರ್ 31ರ ತನಕ ನಡೆಯುತ್ತದೆ ಅಂದಿತು. ಅಂದರೆ ನನ್ನ ಗಾಡಿಗೆ 33 ತಿಂಗಳು ಎಫ್‌ಸಿಯ ಗೊಡವೆಯೇ ಇಲ್ಲ. ಲಾಕ್‌ಡೌನಿನಲ್ಲೂ ತರಕಾರಿ ಗಾಡಿ ನಿಲ್ಲಲಿಲ್ಲವಲ್ಲ, ಓಡಿದ್ದೇ ಓಡಿದ್ದು. ಆಯಿಲ್ ಚೇಂಜ್ ಮಾಡಿಸಿದೆ, ಕ್ಲಚ್ ಪ್ಲೇಟ್ ಒಮ್ಮೆ ಹಾಕಿಸಿದೆ. ಓಡುವುದಕ್ಕೆ ಏನು ಬೇಕೋ ಅಷ್ಟು. ನಿಲ್ಲುವುದಕ್ಕೆ ಬೇಕಾದ್ದನ್ನು ಯಾರು ಬಿಚ್ಚಿ ನೋಡುತ್ತಾರೆ?

2021ರ ಸೆಪ್ಟೆಂಬರ್ ಕೊನೆ. ರಾತ್ರಿ ಎರಡು ಗಂಟೆ ಇರಬಹುದು, ಜಿಟಿಜಿಟಿ ಮಳೆ, ಆಲೂಗಡ್ಡೆ ಲೋಡು. ಲೋಡು ಎಷ್ಟಿತ್ತು ಅಂತ ಕೇಳಬೇಡಿ, ಸರಿ ಹೇಳಿಬಿಡುತ್ತೇನೆ, ಆರ್‌ಸಿಯಲ್ಲಿ ಬರೆದಿದ್ದಕ್ಕಿಂತ ಆರೇಳು ಚೀಲ ಜಾಸ್ತಿಯೇ ಇತ್ತು. ಸಕಲೇಶಪುರ ದಾಟಿ ಮಾರನಹಳ್ಳಿ ಕಳೆದು ಇಳಿಜಾರು ಶುರುವಾದ ಮೇಲೆ ಮುಂದಿದ್ದ ಬಸ್ಸು ತಿರುವಿನಲ್ಲಿ ನಿಧಾನ ಮಾಡಿದ. ನಾನು ಬ್ರೇಕ್ ಒತ್ತಿದೆ. ಗಾಡಿ ನಿಧಾನ ಆಗುವ ಬದಲು ಎಡಕ್ಕೆ ಎಳೆಯಿತು. ಸ್ಟೇರಿಂಗ್ ಬಲಕ್ಕೆ ಹಿಡಿದು ಮತ್ತೆ ಒತ್ತಿದೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಸೆಕೆಂಡ್ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಅರ್ಧರ್ಧ ಎಳೆಯುತ್ತಾ, ಮೋರಿಕಟ್ಟೆಗೆ ಒಂದು ಗೇಣು ಇರುವಾಗ ನಿಲ್ಲಿಸಿದೆ. ಬಸ್ಸಿನವನಿಗೆ ಏನೂ ಗೊತ್ತಾಗಲಿಲ್ಲ, ಹೋದ. ನಾನು ಕಾಲು ಗಂಟೆ ಅಲ್ಲೇ ಕೂತಿದ್ದೆ. ಆಮೇಲೆ ಫಸ್ಟ್ ಗೇರಿನಲ್ಲೇ ತೆವಳಿಕೊಂಡು ಗುಂಡ್ಯ ತಲುಪಿದಾಗ ಬೆಳಕು ಹರಿಯುತ್ತಿತ್ತು. ಲೋಡು ಬೇರೆ ಗಾಡಿಗೆ ಹೋಯಿತು, ನನ್ನದು ಕಟ್ಟಿ ಎಳೆಸಿಕೊಂಡು ವಾಪಸ್ ಬಂತು.

ನಮ್ಮ ಗ್ಯಾರೇಜಿನ ಭಾಯ್ ನಾಲ್ಕೂ ಚಕ್ರ ಬಿಚ್ಚಿದರು. ಮುಂದಿನ ಬಲಗಡೆ ಕ್ಯಾಲಿಪರಿನಲ್ಲಿ ಬ್ರೇಕ್ ಪ್ಯಾಡನ್ನು ಒತ್ತುವ ಪಿಸ್ಟನ್ ತುಕ್ಕು ಹಿಡಿದು ಜಾಮ್ ಆಗಿತ್ತು. ಹಾಗಾಗಿ ಬಲಗಡೆ ಪ್ಯಾಡ್ ಕೆಲಸವೇ ಮಾಡಿಲ್ಲ, ಎಲ್ಲ ಎಡಗಡೆ ಪ್ಯಾಡಿನ ಮೇಲೆ ಬಿದ್ದು ಅದು ಕಬ್ಬಿಣ ಕಾಣುವಷ್ಟು ಸವೆದಿತ್ತು. ಎಡಕ್ಕೆ ಎಳೆದದ್ದು ಅದಕ್ಕೇ. ಹಿಂದಿನ ಡ್ರಮ್ಮಿನಲ್ಲಿ ಒಂದು ಕಡೆ ವೀಲ್ ಸಿಲಿಂಡರ್ ಲೀಕ್ ಆಗಿ ಲೈನರ್ ಪೂರ್ತಿ ಬ್ರೇಕ್ ಆಯಿಲ್ ಕುಡಿದಿತ್ತು. ಡಬ್ಬಿಯಲ್ಲಿ ಉಳಿದಿದ್ದ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಹಳೆಯದಾದಷ್ಟೂ ನೀರು ಸೇರುತ್ತದೆ, ಘಾಟಿಯಲ್ಲಿ ಬಿಸಿಯಾದಾಗ ಆ ನೀರು ಆವಿಯಾಗಿ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಇದೆಲ್ಲ ಭಾಯ್ ಹೇಳಿಯೇ ನನಗೆ ಗೊತ್ತಾದದ್ದು. ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದವನು ನಾನು.

"ಇದನ್ನು ಬಿಚ್ಚಿ ಎಷ್ಟು ದಿನ ಆಯ್ತು ಅಣ್ಣಾ?" ಅಂತ ಭಾಯ್ ಕೇಳಿದರು. ನೆನಪು ಮಾಡಿಕೊಂಡೆ. 2019ರ ಎಫ್‌ಸಿಗೆ ಮುಂಚೆ, ಟೈರ್ ಬದಲಾಯಿಸಲು ಚಕ್ರ ಬಿಚ್ಚಿದ್ದಾಗ, ಹೇಗೂ ಬಿಚ್ಚಿದೆಯಲ್ಲ ಅಂತ ಅವರೇ ಒಳಗೆ ನೋಡಿ ಸೀಲ್ ಕಿಟ್ ಹಾಕಿದ್ದರು. ಅದೇ ಕೊನೆ.

ಅಲ್ಲಿ ನನಗೆ ಹೊಳೆದದ್ದು ಇಷ್ಟು. ನನ್ನ ಬ್ರೇಕನ್ನು ಸಾಹೇಬರು ಯಾವತ್ತೂ ನೋಡಿರಲಿಲ್ಲ, ಭಾಯ್ ನೋಡಿದ್ದರು. ಆದರೆ ಭಾಯ್ ಕೈಗೆ ಗಾಡಿ ಸಿಕ್ಕಿದ್ದು ಸಾಹೇಬರ ಹೆದರಿಕೆಯಿಂದ! ಬಾಡಿಗೆ ಗಾಡಿ ಒಂದು ದಿನ ನಿಂತರೆ ಎರಡು ಎರಡೂವರೆ ಸಾವಿರ ಹೋಯಿತು ಅಂತ ಲೆಕ್ಕ, ಕಂತು ಬೇರೆ ಕಟ್ಟಬೇಕು. ಯಾರೂ ತಾವಾಗಿ ಮೂರು ದಿನ ನಿಲ್ಲಿಸುವುದಿಲ್ಲ. ಎಫ್‌ಸಿ ಇದ್ದರೆ ನಿಲ್ಲಿಸಲೇಬೇಕು, ತಡ ಮಾಡಿದರೆ ದಿನಕ್ಕೆ 50 ರೂಪಾಯಿ ದಂಡ ಬೇರೆ. ನಿಂತಾಗ ಚಕ್ರ ಬಿಚ್ಚುತ್ತಾರೆ, ಬಿಚ್ಚಿದಾಗ ಕಣ್ಣಿಗೆ ಬೀಳುತ್ತದೆ. ಕಾಟಾಚಾರದ ತಪಾಸಣೆಯಿಂದಲೂ ನನಗೆ ಸಿಗುತ್ತಿದ್ದ ಲಾಭ ಇದೊಂದೇ, ಅದು ನನಗೆ ಗೊತ್ತಾದದ್ದು ಅದು ತಪ್ಪಿಹೋದಾಗ.

ಹಾಗಂತ ಈಗಿನ ಕ್ರಮವೇ ಸರಿ ಅಂತ ಅಲ್ಲ. ಬೆಂಗಳೂರಿನಲ್ಲಿರುವ ನಮ್ಮ ಭಾವನ ಲಾರಿ ಜೊತೆ ಯಂತ್ರದ ತಪಾಸಣೆ ನೋಡಲು ಒಮ್ಮೆ ಹೋಗಿದ್ದೆ. ಅಲ್ಲಿ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಬ್ರೇಕ್ ಹಾಕಿಸುತ್ತಾರೆ, ಎಡಗಡೆ ಎಷ್ಟು ಹಿಡಿಯಿತು ಬಲಗಡೆ ಎಷ್ಟು ಹಿಡಿಯಿತು ಅಂತ ಬೇರೆ ಬೇರೆ ಲೆಕ್ಕ ಬರುತ್ತದೆ. ಹೆಡ್‌ಲೈಟ್ ಎತ್ತ ಬೀಳುತ್ತದೆ, ಹೊಗೆ ಎಷ್ಟು, ಚಕ್ರ ಪಕ್ಕಕ್ಕೆ ಜಾರುತ್ತದಾ, ಜಾಯಿಂಟುಗಳು ಸಡಿಲ ಆಗಿವೆಯಾ ಎಲ್ಲ ನೋಡುತ್ತಾರೆ. ನನ್ನ ಗಾಡಿಯನ್ನು ಆ ಸೆಪ್ಟೆಂಬರಿಗೆ ಮುಂಚೆ ಆ ರೋಲರ್ ಮೇಲೆ ನಿಲ್ಲಿಸಿದ್ದರೆ ಎರಡೇ ನಿಮಿಷಕ್ಕೆ ಸಿಕ್ಕಿಬೀಳುತ್ತಿತ್ತು. ಇಂಥ ಕೇಂದ್ರಗಳಿಗೆ 2021ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ, ಎಲ್ಲ ಸಾರಿಗೆ ಗಾಡಿಗೂ ಕಡ್ಡಾಯ ಮಾಡುವ ಗಡುವು ಮಾತ್ರ ಮುಂದಕ್ಕೆ ಹೋಗುತ್ತಾ ಬಂತು. ಯಂತ್ರ ಬಂದರೂ ಒಂದು ಬಾಕಿ ಇದ್ದೇ ಇದೆ. ಅದಕ್ಕೆ ಪೇಂಟ್ ಬೇಡ ಸರಿ, ಆದರೆ ಟೈರು ಸ್ವಂತದ್ದೋ ಗೆಳೆಯನದ್ದೋ ಅಂತ ಅದಕ್ಕೇನು ಗೊತ್ತು? ಓವರ್‌ಲೋಡೂ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ರಸ್ತೆಯಲ್ಲೇ ನಿಲ್ಲಿಸಿ ನೋಡಬೇಕು. ಈಗ ರಸ್ತೆಯಲ್ಲಿ ನಿಲ್ಲಿಸುವವರು ಕೇಳುವುದು ಕಾಗದ, ಟೈರಿನ ಕಡೆ ಬಗ್ಗಿ ನೋಡಿದವರನ್ನು ನಾನು ಕಂಡಿಲ್ಲ.

ವೈಟ್ ಬೋರ್ಡಿನದ್ದು ಇನ್ನೂ ತಮಾಷೆ. ನಮ್ಮ ಮಾವನ ಹತ್ತಿರ 2007ರ ಒಂದು ಕಾರು ಇದೆ. ಸ್ವಂತ ಕಾರಿಗೆ ರಿಜಿಸ್ಟ್ರೇಷನ್ 15 ವರ್ಷ, ಅಲ್ಲಿ ತನಕ ಎಮಿಷನ್ ಬಿಟ್ಟರೆ ಯಾವ ತಪಾಸಣೆಯೂ ಇಲ್ಲ. ಆಮೇಲೆ ತೋರಿಸಿ ಐದು ಐದು ವರ್ಷಕ್ಕೆ ರಿನ್ಯೂವಲ್. ಮಾವ ಹೋದದ್ದು 2022ರ ಮೇನಲ್ಲಿ. ಏಪ್ರಿಲ್ 1ರಿಂದ ಅದರ ಫೀಸು 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಮನುಷ್ಯ ವಾರಗಟ್ಟಲೆ ಅದನ್ನೇ ಹೇಳುತ್ತಿದ್ದರು. ನಾನು ಕೇಳಿದೆ, "ಮಾವ, ಹದಿನೈದು ವರ್ಷ ಯಾರೂ ಇದರ ಬ್ರೇಕ್ ನೋಡಿಲ್ಲವಲ್ಲ, ಅದು ಬೇಜಾರಿಲ್ವಾ?" "ನನ್ನ ಕಾರು ನನಗೆ ಗೊತ್ತು ಬಿಡಪ್ಪ" ಅಂದರು. ನನ್ನ ಗಾಡಿ ನನಗೂ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಸ್ವಂತ ಕಾರಿಗೂ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ ಇದೆ. ಇಲ್ಲಿ ವರ್ಷಾ ವರ್ಷ ಅಂದರೆ ಕಷ್ಟ, ಐದನೇ ವರ್ಷ ಒಮ್ಮೆ, ಹತ್ತನೇ ವರ್ಷ ಒಮ್ಮೆ ರೋಲರ್ ಮೇಲೆ ಹತ್ತಿಸಿದರೆ ಸಾಕು ಅನ್ನುವುದು ನನ್ನ ಲೆಕ್ಕ.

ಇದಕ್ಕೆ ಉಲ್ಟಾ ಹೋದವರೂ ಇದ್ದಾರೆ. ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ಟೆಕ್ಸಾಸ್ ರಾಜ್ಯ 2025ರ ಜನವರಿ 1ರಿಂದ ಸ್ವಂತ ಕಾರುಗಳ ಸುರಕ್ಷತಾ ತಪಾಸಣೆಯನ್ನೇ ತೆಗೆದುಹಾಕಿತು, ಅವರ ಊರಲ್ಲಿ ಹೊಗೆ ಟೆಸ್ಟ್ ಮಾತ್ರ ಉಳಿದಿದೆ. "ಒಳ್ಳೇದಾಯ್ತಲ್ಲೋ" ಅಂದೆ. "ಎಲ್ಲಿ ಭಾವ, ತಪಾಸಣೆ ಹೋದರೂ ಅದರ ಬದಲಿಗೆ ಏಳೂವರೆ ಡಾಲರ್ ಕಟ್ಟೋದು ಹೋಗಲಿಲ್ಲ" ಅಂದ. ಸರ್ಕಾರ ಎಲ್ಲಿದ್ದರೂ ಸರ್ಕಾರವೇ. ಆದರೆ ಅಲ್ಲೂ ಬಾಡಿಗೆಗೆ ಓಡುವ ವಾಣಿಜ್ಯ ಗಾಡಿಗಳಿಗೆ ತಪಾಸಣೆ ಬಿಟ್ಟಿಲ್ಲ.

ನಾನು ಈಗ ಏನು ಮಾಡುತ್ತೇನೆ ಅಂದರೆ, ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎರಡೂ ಗಾಡಿಗೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನಾಲ್ಕೂ ಚಕ್ರ ಬಿಚ್ಚಿಸುತ್ತೇನೆ. ಬ್ರೇಕ್ ಆಯಿಲ್ ವರ್ಷಕ್ಕೊಮ್ಮೆ ಪೂರ್ತಿ ಹೊಸದು. ಜಾಕ್ ಎತ್ತಿದಾಗ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡುತ್ತೇನೆ, ಲಟಲಟ ಅಂದರೆ ಬೇರಿಂಗೋ ಬಾಲ್ ಜಾಯಿಂಟೋ ಹೋಗಿದೆ ಅಂತ. ಎರಡೂ ಪಕ್ಕ ಹಿಡಿದು ಅಲ್ಲಾಡಿಸಿದಾಗ ಸದ್ದು ಬಂದರೆ ಸ್ಟೇರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್ ಎಂಡ್ ನೋಡಬೇಕು. ಘಾಟಿ ಶುರುವಾಗುವ ಮೊದಲು ಸಮತಟ್ಟಿನಲ್ಲಿ ಸ್ಟೇರಿಂಗನ್ನು ಸಡಿಲ ಹಿಡಿದು ಒಂದು ಸಲ ಬ್ರೇಕ್ ಹಾಕುತ್ತೇನೆ, ಎಳೆಯುತ್ತದಾ ಅಂತ. ಡ್ರೈವರ್ ಹುಡುಗನಿಗೂ ಇದನ್ನೇ ಕಲಿಸಿದ್ದೇನೆ. ಮೊದಮೊದಲು ನಗುತ್ತಿದ್ದ. ಲೋಡು? ಕಮ್ಮಿ ಮಾಡಿದ್ದೇನೆ, ಪೂರ್ತಿ ನಿಂತಿದೆ ಅಂದರೆ ಸುಳ್ಳು.

2021ರ ಅಕ್ಟೋಬರಿನಲ್ಲಿ ಹೊಸ ಟೈರ್ ಹಾಕಿಸಿ, ಬ್ರೇಕ್ ಮಾಡಿಸಿ, ಪೇಂಟ್ ಹೊಡೆಸದೆ ಎಫ್‌ಸಿಗೆ ಹೋದೆ. ಗಾಡಿ ಮಾಸಿದೆ, ಪೇಂಟ್ ಮಾಡಿಸಿಕೊಂಡು ಬಾ ಅಂತ ವಾಪಸ್ ಕಳಿಸಿದರು. ಚಕ್ರದ ಒಳಗೆ ಸಾವಿರಾರು ರೂಪಾಯಿ ಸುರಿದಿದ್ದೆ, ಅದನ್ನು ತೋರಿಸುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಪೇಂಟ್ ಹೊಡೆಸಿ ಎರಡನೇ ಸಲ ಹೋದಾಗ ಪಾಸ್.

ಮೊನ್ನೆ ಆ ಗೆಳೆಯ ಫೋನ್ ಮಾಡಿದ. ಅವನ ಗಾಡಿಗೆ ಎಫ್‌ಸಿ ಬಂದಿದೆಯಂತೆ, ಎರಡು ಟೈರ್ ಬೇಕಂತೆ, ಒಂದೇ ದಿನಕ್ಕೆ. ಆಗಲ್ಲ ಕಣೋ ಅಂದೆ. "ನೀನು ಎರಡೆರಡು ಸಲ ಯಾರ ಟೈರ್ ಹಾಕ್ಕೊಂಡು ಹೋಗಿದ್ದೆ, ನೆನಪಿದೆಯಾ?" ಅಂದ. ಏನು ಹೇಳಲಿ? ನಮ್ಮ ಟೈರ್ ಅಂಗಡಿಯಲ್ಲಿ ಕಂತಿನಲ್ಲಿ ಕೊಡುತ್ತಾರೆ, ಬೇಕಾದರೆ ನಾನು ಜಾಮೀನು ನಿಲ್ಲುತ್ತೇನೆ ಅಂದೆ. ಫೋನ್ ಇಟ್ಟುಬಿಟ್ಟ. ಇನ್ನೂ ಮಾತಾಡಿಲ್ಲ.