ಅಮೆರಿಕದ ಸೇನೆಯಲ್ಲಿ ‘ಆಧ್ಯಾತ್ಮಿಕ ಸಾಮರ್ಥ್ಯ’ದ ತರಬೇತಿ: ಸ್ವಂತ ನಂಬಿಕೆಯನ್ನು ಕಾಪಾಡಿಕೊಳ್ಳುವ ಬಗೆ

ಅಮೆರಿಕದ ಭೂಸೇನೆಯು 2009ರಲ್ಲಿ ಸೈನಿಕರ ಮನೋಬಲ ಹೆಚ್ಚಿಸಲೆಂದು ಆರಂಭಿಸಿದ ಕಾರ್ಯಕ್ರಮದಲ್ಲಿ ದೈಹಿಕ, ಭಾವನಾತ್ಮಕ, ಸಾಮಾಜಿಕ ಮತ್ತು ಕೌಟುಂಬಿಕ ಆಯಾಮಗಳ ಜೊತೆಗೆ ಆಧ್ಯಾತ್ಮಿಕ ಆಯಾಮವನ್ನೂ, ಅಂದರೆ ಬದುಕಿನ ಉದ್ದೇಶ, ಮೌಲ್ಯ, ನಂಬಿಕೆಗಳಿಂದ ಬಲ ಪಡೆಯುವುದನ್ನೂ, ಸೇರಿಸಿತು. 2020ರ ತರಬೇತಿ ಕೈಪಿಡಿಯಲ್ಲಿಯೂ ಅದು ನಿದ್ರೆ, ಆಹಾರಗಳ ಸಾಲಿನಲ್ಲಿಯೇ ಬರುತ್ತದೆ. ಇದು ಧರ್ಮಬೋಧೆಯಲ್ಲ ಎಂದು ಸೇನೆ ಹೇಳುತ್ತದೆಯಾದರೂ, ಈ ಕೆಲಸದಲ್ಲಿ ಚಾಪ್ಲಿನ್‌ಗಳ, ಅಂದರೆ ಸೇನೆಯ ಧರ್ಮಗುರುಗಳ, ಪಾತ್ರ ದೊಡ್ಡದಿರುವುದರಿಂದ ತರಬೇತಿ ಮತ್ತು ಧರ್ಮಬೋಧೆಯ ನಡುವಿನ ಗೆರೆ ಆಗಾಗ ಮಸುಕಾಗುತ್ತದೆ. ಅಲ್ಲಿ ಸೇವೆಗೆ ಸೇರುವ ಕನ್ನಡ ಮನೆತನದ ಯುವಕ ಯುವತಿಯರು ಈ ಕೆಳಗಿನ ಸಂಗತಿಗಳನ್ನು ತಿಳಿದಿರಬೇಕು.

ಯಾವುದೇ ಕಾರ್ಯಕ್ರಮಕ್ಕೆ ಕರೆ ಬಂದಾಗ, ಹಾಜರಿ ಕಡ್ಡಾಯವೇ ಐಚ್ಛಿಕವೇ ಎಂದು ವಿನಯದಿಂದ, ಸಾಧ್ಯವಾದರೆ ಇಮೇಲ್ ಮೂಲಕ, ಮೊದಲು ಕೇಳಿ. ಆತ್ಮಹತ್ಯೆ ತಡೆಯ ಕುರಿತ ಉಪನ್ಯಾಸಕ್ಕೆ ಆದೇಶದ ಮೇರೆಗೆ ಹೋಗಲೇಬೇಕು. ಆರಾಧನೆಗೆ ಹಾಗೆ ಆದೇಶಿಸಲಾಗದು. ಸೇನಾ ಅಕಾಡೆಮಿಗಳಲ್ಲಿ ಪ್ರಾರ್ಥನಾ ಮಂದಿರದ ಕಡ್ಡಾಯ ಹಾಜರಿ ಸಂವಿಧಾನಬಾಹಿರವೆಂದು ಮೇಲ್ಮನವಿ ನ್ಯಾಯಾಲಯ 1972ರಲ್ಲಿಯೇ ತೀರ್ಪು ನೀಡಿದೆ. ಆದರೂ 2010ರಲ್ಲಿ ವರ್ಜೀನಿಯಾದ ಫೋರ್ಟ್ ಯೂಸ್ಟಿಸ್‌ನಲ್ಲಿ ಕ್ರೈಸ್ತ ಸಂಗೀತ ಕಛೇರಿಗೆ ಹೋಗಲೊಪ್ಪದವರನ್ನು ಬ್ಯಾರಕ್‌ಗೆ ಕಳುಹಿಸಿ ಸ್ವಚ್ಛತಾ ಕೆಲಸಕ್ಕೆ ಹಚ್ಚಲಾಯಿತು ಎಂದು ಕೆಲವು ಸೈನಿಕರು ದೂರಿದ್ದರು. ಬಾಯಿಮಾತಿನಲ್ಲಿ ಐಚ್ಛಿಕವೆಂದು, ನಡೆಯಲ್ಲಿ ಶಿಕ್ಷೆಯೆಂದು ತೋರುವ ಇಂಥ ಸಂದರ್ಭಗಳೇ ಹೆಚ್ಚು ತೊಡಕಿನವು. ಅಧಿಕೃತ ಸಮಾರಂಭದ ನಡುವೆ ಪ್ರಾರ್ಥನೆ ಬಂದರೆ ಮೌನವಾಗಿ ನಿಂತಿದ್ದರೆ ಸಾಕು.

ಸೈನಿಕರ ಮನೋಬಲ ಅಳೆಯಲು ಸೇನೆ ಕೊಡುವ ಪ್ರಶ್ನಾವಳಿಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿ. ಬದುಕಿಗೆ ಶಾಶ್ವತ ಅರ್ಥವಿದೆಯೇ ಎಂಬಂಥ ಹೇಳಿಕೆಗಳಿಗೆ ನಿರೀಶ್ವರವಾದಿಗಳು ಕೊಟ್ಟ ಉತ್ತರಕ್ಕೆ ಕಡಿಮೆ ಅಂಕ ಬಂದು ಹಿಂದೆ ವಿವಾದವಾದಾಗ, ಆಧ್ಯಾತ್ಮಿಕ ಭಾಗದ ಮುಂದಿನ ತರಬೇತಿ ಐಚ್ಛಿಕವೆಂದು ಸೇನೆ ಸ್ಪಷ್ಟಪಡಿಸಿತ್ತು.

ತಿಲಕ, ಗಡ್ಡ, ಪೇಟ ಮುಂತಾದವುಗಳಿಗೆ ಅನುಮತಿ ಬೇಕಿದ್ದರೆ ರಕ್ಷಣಾ ಇಲಾಖೆಯ 1300.17ನೆಯ ನಿರ್ದೇಶನದಡಿ ಲಿಖಿತ ಅರ್ಜಿ ಸಲ್ಲಿಸಬೇಕು. ಪ್ರತಿಜ್ಞೆ ಸ್ವೀಕರಿಸುವ ಮೊದಲೇ ಅರ್ಜಿ ಹಾಕಲು ಅವಕಾಶವಿದ್ದು, ಅದನ್ನು ಬಳಸಿಕೊಳ್ಳುವುದೇ ಜಾಣತನ. ಸೇವೆಯಲ್ಲಿರುವಾಗ ಹಾಕಿದರೆ ಅನುಮತಿ ಕೈಸೇರುವವರೆಗೆ ಇರುವ ನಿಯಮವನ್ನೇ ಪಾಲಿಸಬೇಕಾಗುತ್ತದೆ. ಭೂಸೇನೆಯಲ್ಲಿ ಅರ್ಜಿದಾರರನ್ನು ಚಾಪ್ಲಿನ್ ಸಂದರ್ಶಿಸಿ, ನಂಬಿಕೆ ಪ್ರಾಮಾಣಿಕವೇ ಎಂಬ ಬಗ್ಗೆ ಟಿಪ್ಪಣಿ ಬರೆಯುತ್ತಾರೆ. ಆದ್ದರಿಂದ ಆ ಆಚರಣೆ ನಿಮ್ಮ ದಿನಚರಿಯಲ್ಲಿ ಹೇಗೆ ಬೆರೆತಿದೆ ಎಂಬುದನ್ನು ಸ್ವಂತ ಮಾತಿನಲ್ಲಿ ಹೇಳಿ. ಶಾಸ್ತ್ರವಾಕ್ಯಗಳ ಉದ್ಧರಣೆ ಅದಕ್ಕೆ ಬದಲಿಯಾಗದು. ಆಪ್ತ ಸಮಾಲೋಚನೆಯ ಗೋಪ್ಯತೆ ಈ ಸಂದರ್ಶನಕ್ಕೆ ಇರುವುದಿಲ್ಲವೆಂಬುದು ನೆನಪಿರಲಿ. ನಿಮ್ಮ ಆಚರಣೆಗೆ ಗಣನೀಯ ಅಡ್ಡಿಯಾಗುವಂತೆ ನಿರಾಕರಿಸಬೇಕಾದರೆ, ಅದಕ್ಕೆ ಬಲವಾದ ಸರ್ಕಾರಿ ಅಗತ್ಯವಿದೆಯೆಂದೂ ಅದಕ್ಕಿಂತ ಸೌಮ್ಯವಾದ ದಾರಿಯಿಲ್ಲವೆಂದೂ ತೋರಿಸುವ ಹೊಣೆಯನ್ನು 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆ ಸರ್ಕಾರದ ಮೇಲೆಯೇ ಹೊರಿಸುತ್ತದೆ. ವಯೋಮಿಂಗ್‌ನ ವಾಯುನೆಲೆಯೊಂದರ ಹಿಂದೂ ಸಿಬ್ಬಂದಿಯೊಬ್ಬರಿಗೆ ಸಮವಸ್ತ್ರದಲ್ಲಿರುವಾಗಲೂ ತಿಲಕ ಇಡಲು 2022ರಲ್ಲಿ ಅನುಮತಿ ದೊರೆತದ್ದನ್ನು ಪೂರ್ವನಿದರ್ಶನವಾಗಿ ಉಲ್ಲೇಖಿಸಬಹುದು. (ಸಸ್ಯಾಹಾರಿಗಳಿಗೆ ಒಂದು ಮಾತು: ರಣರಂಗದ ಸಿದ್ಧ ಆಹಾರದ ಪೊಟ್ಟಣಗಳಲ್ಲಿ ಸಸ್ಯಾಹಾರದವು ಕೆಲವೇ, ಹಂಚುವಾಗಲೇ ಕೇಳಿ ಪಡೆಯಿರಿ.)

ಒತ್ತಡ ನಿಲ್ಲದಿದ್ದರೆ ದಿನಾಂಕ, ಸ್ಥಳ, ಆಡಿದ ಮಾತು, ಹಾಜರಿದ್ದವರು ಇವಿಷ್ಟನ್ನೂ ಅಂದೇ ಬರೆದಿಟ್ಟುಕೊಂಡು ತಾರತಮ್ಯದ ದೂರುಗಳನ್ನು ನೋಡುವ ಸಮಾನ ಅವಕಾಶ ಕಚೇರಿಗೋ ಸೇನೆಯೊಳಗಿನ ದೂರುಗಳ ತನಿಖೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೋ ಹೋಗಿ. ಅನ್ಯಾಯ ಕಮಾಂಡರ್‌ರಿಂದಲೇ ಆಗಿದ್ದರೆ ಮೊದಲು ಅವರಿಗೇ ಪರಿಹಾರ ಕೋರಿ ಪತ್ರ ಬರೆದು, ಅದು ತಿರಸ್ಕೃತವಾದ ಮೇಲೆ ಸೇನಾ ನ್ಯಾಯ ಸಂಹಿತೆಯ 138ನೆಯ ವಿಧಿಯಡಿ ದೂರು ನೀಡಬಹುದು. ಇನ್‌ಸ್ಪೆಕ್ಟರ್ ಜನರಲ್‌ಗೆ ಅಥವಾ ನಿಮ್ಮ ಸಂಸತ್ ಸದಸ್ಯರಿಗೆ ಕಾನೂನುಬದ್ಧವಾಗಿ ದೂರಿದ್ದಕ್ಕಾಗಿ ಬಡ್ತಿ ತಡೆಯುವುದೂ ಸೇರಿದಂತೆ ಯಾವುದೇ ಪ್ರತೀಕಾರವನ್ನು ಕಾನೂನು ನಿಷೇಧಿಸುತ್ತದೆ.