ಡಿಫ್ ಮೌಂಟ್ ಮುರಿದಾಗ ನಾನು ನೋಡುವುದು, ಮಾಡುವುದು

ಕ್ಲಚ್ ಬಿಟ್ಟೊಡನೆ ಹಿಂಬದಿಯಿಂದ ‘ಠಕ್’ ಅಂತ ಒಂದು ಸದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇನ್ನೊಂದು. ಹಿಂಚಕ್ರಗಳಿಗೆ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರಿನಲ್ಲಿ ಈ ಜೋಡಿ ಸದ್ದು ಕೇಳಿದರೆ ಡಿಫರೆನ್ಶಿಯಲ್ (ಚಿಕ್ಕದಾಗಿ ಡಿಫ್, ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಮೌಂಟ್, ಅಂದರೆ ಅದನ್ನು ಕಾರಿಗೆ ಹಿಡಿದಿಡುವ ಆಸರೆ, ಹರಿದಿದೆ ಎಂದು ತೀರ್ಮಾನಿಸಿ, ಸಿಗುವುದರಲ್ಲೇ ಗಟ್ಟಿಯಾದ ಬುಷ್ (ಮೌಂಟಿನೊಳಗಿನ ಮೆತ್ತೆ) ತರಿಸಿ ಹಾಕುವವರು ಬಹಳ. ಸದ್ದೇನೋ ನಿಲ್ಲುತ್ತದೆ. ಕೆಲವು ತಿಂಗಳ ಮೇಲೆ ನೋಡಿದರೆ ಬುಷ್ ಹೊಸದರಂತೆಯೇ ಇರುತ್ತದೆ, ಅದನ್ನು ಹಿಡಿದಿದ್ದ ಕಿವಿ (ಬೋಲ್ಟ್ ಹಾಕುವ ಲೋಹದ ಚಾಚು) ಸೀಳಿರುತ್ತದೆ. ಅದಕ್ಕೇ ಮೌಂಟ್ ಮುರಿದ ಕಾರಿನಲ್ಲಿ ನಾನು ಮೊದಲು ಹುಡುಕುವುದು ಎರಡನ್ನು: ಅಷ್ಟು ಬಲ ಎಲ್ಲಿಂದ ಬಂತು, ಬುಷ್ ಗಟ್ಟಿ ಮಾಡಿದರೆ ಆ ಬಲ ಮುಂದೆ ಎಲ್ಲಿಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟ. ಎಂಜಿನ್ ಟಾರ್ಕ್ (ತಿರುಗಿಸುವ ಬಲ) 350 ನ್ಯೂಟನ್ ಮೀಟರ್, ಮೊದಲ ಗೇರಿನ ಅನುಪಾತ 4.2, ಫೈನಲ್ ಡ್ರೈವ್ (ಡಿಫ್‌ನ ಗೇರ್) ಅನುಪಾತ 3.2 ಎಂದಿಟ್ಟುಕೊಳ್ಳಿ. ಆಕ್ಸಲ್‌ಗೆ ಬರುವುದು 4,700 ನ್ಯೂಟನ್ ಮೀಟರ್. ಚಕ್ರವನ್ನು ಮುಂದಕ್ಕೆ ತಿರುಗಿಸುವ ಈ ಟಾರ್ಕ್‌ನಷ್ಟೇ ಟಾರ್ಕ್ ಡಿಫ್ ಹೌಸಿಂಗನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅಂದರೆ ಪಿನಿಯನ್ (ಶಕ್ತಿ ಒಳಬರುವ ಸಣ್ಣ ಗೇರ್) ಇರುವ ಮುಂಭಾಗದ ಮೂತಿ ಮೇಲಕ್ಕೆ ಏಳುತ್ತದೆ, ಹಿಂಭಾಗ ಕೆಳಕ್ಕೆ ಒತ್ತುತ್ತದೆ. ಮುಂದಿನ ಮೌಂಟ್‌ಗೂ ಹಿಂದಿನದಕ್ಕೂ 40 ಸೆಂ.ಮೀ. ಅಂತರವಿದ್ದರೆ ಒಂದೊಂದರ ಮೇಲೂ ಬೀಳುವುದು ಸುಮಾರು 11,750 ನ್ಯೂಟನ್, ಹತ್ತಿರ ಹತ್ತಿರ 1,200 ಕಿಲೋ ಭಾರ. ಇದರ ಜೊತೆಗೆ ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಡಿಫ್‌ಗೆ ಶಕ್ತಿ ತರುವ ಉದ್ದ ಸರಳು) ಟಾರ್ಕ್ ಹೌಸಿಂಗನ್ನು ಪಕ್ಕಕ್ಕೆ ಹೊರಳಿಸಲು ನೋಡುತ್ತದೆ. ಎಡ-ಬಲ ಮೌಂಟ್‌ಗಳಲ್ಲಿ ಒಂದು ಮಾತ್ರ ಬೇಗ ಹರಿಯುವುದಕ್ಕೆ ಕಾರಣ ಇದು.

ಆದರೆ ಇಷ್ಟು ಟಾರ್ಕನ್ನು ಟಯರ್ ಹಿಡಿದಿಡಬೇಕಲ್ಲ? ಹೊರಡುವಾಗ ಹಿಂದಿನ ಆಕ್ಸಲ್ ಮೇಲೆ 900 ಕಿಲೋ, ಚಕ್ರದ ತ್ರಿಜ್ಯ 31 ಸೆಂ.ಮೀ., ಹಿಡಿತದ ಗುಣಾಂಕ 1 ಎಂದರೆ ಟಯರ್ ತಡೆಯುವುದು 2,700 ನ್ಯೂಟನ್ ಮೀಟರ್ ಮಾತ್ರ. ಅದಕ್ಕಿಂತ ಹೆಚ್ಚಾದದ್ದು ಚಕ್ರ ಸುತ್ತುವುದರಲ್ಲಿ ಕಳೆದುಹೋಗುತ್ತದೆ. ಅದೇ ಕಾರಿಗೆ ಗುಣಾಂಕ 1.4ರ ಅಂಟು ಟಯರ್ ಹಾಕಿದರೆ ಮಿತಿ 3,800ಕ್ಕೆ ಏರುತ್ತದೆ. ಎಂಜಿನ್ ಮುಟ್ಟದಿದ್ದರೂ ಮೌಂಟಿನ ಮೇಲಿನ ಭಾರ ಶೇ. 40ರಷ್ಟು ಹೆಚ್ಚಾಯಿತು. ‘ಎಂಜಿನ್ ಸ್ಟಾಕ್ ಇದೆ, ಆದರೂ ಮುರಿಯಿತು’ ಎನ್ನುವ ಕಾರಿನಲ್ಲಿ ನಾನು ಬಗ್ಗಿ ನೋಡುವ ಮೊದಲ ವಸ್ತು ಟಯರ್.

ಎಲ್ಲಕ್ಕಿಂತ ಕೆಟ್ಟದ್ದು ವ್ಹೀಲ್ ಹಾಪ್. ಟಯರ್ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಹೀಗೆ ಒಂದೇ ಸೆಕೆಂಡಿನಲ್ಲಿ ಹಲವು ಸಲ. ಪ್ರತಿ ಸಲ ಹಿಡಿದಾಗಲೂ ಆಕ್ಸಲ್ ಶಾಫ್ಟ್ ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ, ಡಿಫ್ ಮೂತಿ ಮೇಲೆ ಹಾರಿ ಕೆಳಗೆ ಬಡಿಯುತ್ತದೆ. ಮೇಲಿನ ಲೆಕ್ಕ ನಿಂತ ಭಾರದ್ದು, ಇದು ಸುತ್ತಿಗೆಯ ಏಟು. ನೂರು ಸಲ ಸಲೀಸಾಗಿ ಹೊರಟಾಗ ಸವೆಯದ ರಬ್ಬರ್ ಒಂದು ಹಾಪ್‌ನಲ್ಲಿ ಲೋಹದಿಂದ ಕಿತ್ತು ಬರಬಹುದು.

ಯಾವ ಕಾರಿನಲ್ಲಿ ಯಾವ ಜಾಗ ದುರ್ಬಲ ಎನ್ನುವುದು ವಿನ್ಯಾಸದಲ್ಲೇ ಬರೆದಿರುತ್ತದೆ. ಡಾಟ್ಸನ್ 240ಝಡ್‌ನಲ್ಲಿ ಮೂತಿಯ ಕೆಳಗೆ ಲೋಹದ ಎರಡು ತಟ್ಟೆಗಳ ನಡುವೆ ಅಂಟಿಸಿದ ರಬ್ಬರ್ ಮೌಂಟ್. ಮೂತಿ ಏಳುವಾಗ ರಬ್ಬರ್ ಎಳೆತಕ್ಕೆ ಸಿಗುತ್ತದೆ, ಅಂಟಿನ ಜಾಗದಲ್ಲೇ ಬಿಡುತ್ತದೆ. ಮೂತಿ ತೀರಾ ಮೇಲೇಳದಂತೆ ಅದರ ಮೇಲೆ ಒಂದು ಪಟ್ಟಿ ಹಾಯಿಸಿದ್ದಾರೆ. ಬಿಎಂಡಬ್ಲ್ಯೂ ಝಡ್3ಯಲ್ಲಿ ಡಿಫ್ ಮುಂದೆ ಸಬ್‌ಫ್ರೇಮಿಗೆ (ಬಾಡಿಯ ಕೆಳಗೆ ಬಿಗಿದ ಲೋಹದ ಚೌಕಟ್ಟು) ಬೋಲ್ಟ್ ಆಗಿರುತ್ತದೆ, ಹಿಂದೆ ಕವರಿನ ಒಂದೇ ಕಿವಿ ಬಾಡಿಗೆ ನೇತುಬಿದ್ದಿರುತ್ತದೆ. ಬಲವೆಲ್ಲ ಡಿಕ್ಕಿಯ ನೆಲದ ಸ್ಪಾಟ್ ವೆಲ್ಡ್‌ಗಳಿಗೆ ಹೋಗುತ್ತದೆ, ಅವು ಒಂದೊಂದಾಗಿ ಬಿಡುತ್ತವೆ. ನಿಸ್ಸಾನ್ 350ಝಡ್‌ನಲ್ಲಿ ಸಬ್‌ಫ್ರೇಮಿನೊಳಗೆ ದ್ರವ ತುಂಬಿದ ಬುಷ್ ಇದೆ. ಅದು ಒಡೆದು ಸೋರಿದ ಮೇಲೆ ಒಳಗೆ ಬರೀ ಖಾಲಿ ಜಾಗ. ಮಾಜ್ದಾ ಎಂಎಕ್ಸ್-5 ಬೇರೆಯೇ ದಾರಿ ಹಿಡಿದಿದೆ: ಗೇರ್‌ಬಾಕ್ಸ್‌ನ ಬಾಲಕ್ಕೂ ಡಿಫ್ ಮೂತಿಗೂ ಒಂದು ಉದ್ದನೆಯ ಅಲ್ಯೂಮಿನಿಯಂ ಫ್ರೇಮ್ ಬಿಗಿದಿದ್ದಾರೆ. ಮೂತಿ ಏಳಬೇಕೆಂದರೆ ಗೇರ್‌ಬಾಕ್ಸನ್ನೂ ಎಂಜಿನ್ನನ್ನೂ ಎತ್ತಬೇಕು. ಹೀಗಾಗಿ ಆ ಕಾರಿನಲ್ಲಿ ಎಂಜಿನ್ ಮೌಂಟ್ ಹರಿದರೂ ಡಿಫ್ ಅಲ್ಲಾಡುತ್ತದೆ.

ಪರೀಕ್ಷೆ

ಲಿವರ್ ರಾಡ್ ಹಾಕಿ ಎತ್ತಿ ನೋಡಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಕೈಬಲಕ್ಕೆ ಅಲ್ಲಾಡದ ಮೌಂಟ್ ಒಂದು ಟನ್ ಭಾರಕ್ಕೆ ಬಾಯಿ ತೆರೆಯುತ್ತದೆ. ನನ್ನ ಕ್ರಮ ಹೀಗೆ: ಸಮತಟ್ಟು ನೆಲದ ಮೇಲೆ ಕಾರು ತನ್ನ ಚಕ್ರಗಳ ಮೇಲೇ ನಿಂತಿರಲಿ. ಡಿಫ್ ಮೂತಿಯ ಮೇಲೆ ಒಂದು, ಅದರ ಎದುರಿನ ಸಬ್‌ಫ್ರೇಮಿನ ಮೇಲೆ ಒಂದು, ಬಿಳಿ ಪೇಂಟಿನ ಗೆರೆ. ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಅಂಟಿಸಿ, ಸಣ್ಣ ಕ್ಯಾಮೆರಾವನ್ನು ಕೆಳಗೆ ಕಟ್ಟುತ್ತೇನೆ. ಎಲ್ಲರೂ ಕಾರಿನ ಅಡಿಯಿಂದ, ಮುಂದಿನಿಂದ, ಹಿಂದಿನಿಂದ ದೂರ ಸರಿದ ಮೇಲೆ, ಒಬ್ಬರು ಸ್ಟೀರಿಂಗ್ ಮುಂದೆ ಕೂತು ಬ್ರೇಕ್ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ ಕಚ್ಚುವಷ್ಟು ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಆಮೇಲೆ ರಿವರ್ಸಿನಲ್ಲೂ ಹಾಗೇ. ಎರಡು ದಿಕ್ಕಿನ ಚಲನೆ ಸೇರಿ ಒಳ್ಳೆಯ ರಬ್ಬರ್ ಮೌಂಟಿನಲ್ಲಿ ಕೆಲವೇ ಮಿಲಿಮೀಟರ್ ಇರುತ್ತದೆ. 10 ಮಿ.ಮೀ. ದಾಟಿದರೆ, ಅಥವಾ ಚಲನೆಯ ಕೊನೆಯಲ್ಲಿ ಲೋಹಕ್ಕೆ ಲೋಹ ತಾಗಿ ಗಕ್ಕನೆ ನಿಂತರೆ, ಬಿಚ್ಚಲೇಬೇಕು. ಸಬ್‌ಫ್ರೇಮಿನ ನಾಲ್ಕು ಮೂಲೆಗೂ ಇದೇ ರೀತಿ ಗೆರೆ ಎಳೆದು ನೋಡುತ್ತೇನೆ. ಡಿಫ್ ಸಬ್‌ಫ್ರೇಮಿನೊಳಗೆ ಗಟ್ಟಿಯಾಗಿದ್ದು ಸಬ್‌ಫ್ರೇಮೇ ಬಾಡಿಯ ಕೆಳಗೆ ಓಲಾಡುವುದು ಅಪರೂಪವಲ್ಲ.

ಇದೇ ಸದ್ದನ್ನು ಬೇರೆಯವೂ ಮಾಡುತ್ತವೆ: ಯು.ಜೆ. ಕ್ರಾಸ್ (ಪ್ರೊಪೆಲ್ಲರ್ ಶಾಫ್ಟಿನ ಕೀಲು), ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಡಿಸ್ಕ್, ಸೆಂಟರ್ ಬೇರಿಂಗಿನ ರಬ್ಬರ್, ಸಿ.ವಿ. ಜಾಯಿಂಟ್ (ಆಕ್ಸಲ್ ಶಾಫ್ಟಿನ ಕೀಲು), ಹಬ್ಬಿನ ಸ್ಪ್ಲೈನ್ (ಶಾಫ್ಟ್ ಕಚ್ಚಿಕೊಳ್ಳುವ ಹಲ್ಲುಗಳು). ಗಾಡಿ ಸ್ಟ್ಯಾಂಡ್ ಮೇಲಿರುವಾಗ ಚಕ್ರಗಳನ್ನು ಹ್ಯಾಂಡ್‌ಬ್ರೇಕಿನಿಂದ ಕಟ್ಟಿಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಪಿನಿಯನ್ ಫ್ಲೇಂಜನ್ನು (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಕೈಯಲ್ಲಿ ತಿರುಗಿಸಿ. ಸ್ವಲ್ಪ ಆಟ (ಸಡಿಲ) ಇದ್ದೇ ಇರುತ್ತದೆ. ಕ್ರೌನ್ ವ್ಹೀಲಿನ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಬ್ಯಾಕ್‌ಲಾಷ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಫ್ಲೇಂಜನ್ನು ಮೇಲೆ-ಕೆಳಗೆ ಅಲ್ಲಾಡಿಸಿದಾಗ ಆಟ ಸಿಕ್ಕರೆ ಪಿನಿಯನ್ ಬೇರಿಂಗ್ ಹೋಗಿದೆ. ಅಂಥ ಡಿಫ್‌ಗೆ ಹೊಸ ಮೌಂಟ್ ಹಾಕುವುದು ದಂಡ.

ಬಿಚ್ಚುವುದು

ಎಕ್ಸಾಸ್ಟ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟಿಗೂ ಫ್ಲೇಂಜಿಗೂ ಸೇರಿ ಒಂದು ಗುರುತು ಹಾಕಿ. ಅದೇ ಜಾಗಕ್ಕೆ ಕೂರದಿದ್ದರೆ ಬ್ಯಾಲೆನ್ಸ್ ಹೋಗುತ್ತದೆ. ಆಕ್ಸಲ್ ಫ್ಲೇಂಜಿನ ಬೋಲ್ಟ್ ತಲೆಗಳ ಗುಳಿಯಲ್ಲಿ ಮಣ್ಣು, ಗ್ರೀಸ್ ಗಟ್ಟಿಯಾಗಿ ಕೂತಿರುತ್ತದೆ. ಮೊನೆಯಿಂದ ಪೂರ್ತಿ ಕೆರೆದು ತೆಗೆದ ಮೇಲೇ ಬಿಟ್ ಹೊಡೆದು ಕೂರಿಸಬೇಕು, ಇಲ್ಲದಿದ್ದರೆ ತಲೆ ಸವೆದು ಅರ್ಧ ದಿನ ಹಾಳು. ಡಿಫ್ ಕಾರಿನಿಂದ ಕಾರಿಗೆ ಬದಲಾದರೂ ಹಲವಕ್ಕೆ 30 ಕಿಲೋ ಆಸುಪಾಸು ತೂಕವಿದೆ. ಜಾಕಿನ ಮೇಲೆ ಮರದ ಹಲಗೆಯಿಟ್ಟು, ಬೆಲ್ಟಿನಿಂದ ಬಿಗಿದು ಇಳಿಸಿ.

ಮುರಿದ ತುಂಡನ್ನು ಎಸೆಯಬೇಡಿ, ಒರೆಸಲೂ ಬೇಡಿ. ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಒಂದು ಅಂಚಿನಿಂದ ಶುರುವಾಗಿ, ನೀರಿನ ಅಲೆ ಮರಳಿನ ಮೇಲೆ ಬಿಟ್ಟುಹೋದಂತೆ ಕಮಾನು ಕಮಾನಾದ ಗೆರೆಗಳು, ಕಪ್ಪಾಗಿ ಎಣ್ಣೆ ಹಿಡಿದ ಭಾಗ: ಅದು ಬಹುಕಾಲ ನಿಧಾನವಾಗಿ ಹಬ್ಬಿದ ಬಿರುಕು. ಉಳಿದದ್ದು ಸಕ್ಕರೆ ಅಚ್ಚು ಮುರಿದಂತೆ ಹೊಳೆಯುವ ಹರಳು ಹರಳಾದ ಮೈ: ಅದು ಕೊನೆಯ ಏಟಿಗೆ ಹೋದದ್ದು. ಕಪ್ಪು ಭಾಗ ದೊಡ್ಡದಿದ್ದರೆ ಬೋಲ್ಟ್ ಸಡಿಲವಿತ್ತು ಅಥವಾ ಬುಷ್ ಬಹಳ ದಿನದಿಂದ ಸತ್ತಿತ್ತು. ಪೂರ್ತಿ ಹೊಳೆಯುತ್ತಿದ್ದರೆ ಒಂದೇ ಏಟಿಗೆ ಮುರಿದಿದೆ. ಹಾಪ್ ಅಥವಾ ಕ್ಲಚ್ ಏಕಾಏಕಿ ಬಿಟ್ಟದ್ದು ಕಾರಣ. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಪಿನಿಯನ್ ಸೀಲ್ ಸೋರಿ ಎಣ್ಣೆ ಕುಡಿದಿದೆ, ಸೀಲ್ ಬದಲಿಸದೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ.

ಹಳೆ ಬುಷ್ ತೆಗೆಯಲು ಬೆಂಕಿ ಹಚ್ಚಬೇಡಿ. ಹೊಗೆ ವಿಷ, ಅಲ್ಯೂಮಿನಿಯಂ ಕಿವಿಯ ಗಟ್ಟಿತನವೂ ಹೋಗುತ್ತದೆ. ರಬ್ಬರಿನ ಸುತ್ತ ಡ್ರಿಲ್ ಮಾಡಿ ನಡುವಿನ ತುಂಡು ತೆಗೆದು, ಹೊರಗಿನ ಉಕ್ಕಿನ ಕವಚವನ್ನು ಹ್ಯಾಕ್‌ಸಾ ಬ್ಲೇಡಿನಿಂದ ಒಳಗಿನಿಂದಲೇ ಸೀಳಿ. ಹೌಸಿಂಗ್ ಮುಟ್ಟುವ ಮೊದಲು ನಿಲ್ಲಿಸಿ, ಉಳಿದದ್ದನ್ನು ಚೀಸೆಲ್‌ನಿಂದ ಒಳಕ್ಕೆ ಮಡಚಿ. ಹೊಸ ಬುಷ್ಷನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಕುಗ್ಗುತ್ತದೆ. ಎಂ14 ಥ್ರೆಡ್ ರಾಡ್, ದಪ್ಪ ವಾಷರ್, ಥ್ರಸ್ಟ್ ಬೇರಿಂಗ್ ಸೇರಿಸಿ ಎಳೆಯಿರಿ. ಒತ್ತಡ ಹೊರಕವಚದ ಮೇಲೇ ಬೀಳಬೇಕು, ನಡುವಿನ ಕೊಳವೆಯ ಮೇಲೆ ಬಿದ್ದರೆ ಹೊಸ ರಬ್ಬರ್ ಹಾಕುವಾಗಲೇ ಹರಿಯುತ್ತದೆ. ರಬ್ಬರಿನಲ್ಲಿ ಖಾಲಿ ಕಿಂಡಿಗಳಿದ್ದರೆ ಅವು ಹಳೆಯದರಲ್ಲಿ ಯಾವ ದಿಕ್ಕಿಗಿದ್ದವೋ ಅದೇ ದಿಕ್ಕಿಗೆ ಬರಲಿ. ರಬ್ಬರಿಗೆ ಸೋಪು ನೀರು ಸಾಕು, ಪಾಲಿಯುರೆಥೇನ್‌ಗೆ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಚಿಕ್ಕದಾಗಿ ಪಾಲಿ) ಸಿಲಿಕೋನ್ ಗ್ರೀಸ್.

ಬಿರುಕು ಬಿಟ್ಟ ತಗಡು, ಮುರಿದ ಕಿವಿ

ಮೌಂಟ್ ಕೂರುವ ತಗಡನ್ನು ಬರಿ ಲೋಹ ಕಾಣುವಂತೆ ಉಜ್ಜಿ, ಡೈ ಪೆನೆಟ್ರೆಂಟ್ ಹಾಕುತ್ತೇನೆ. ಕೆಂಪು ದ್ರವ 10-15 ನಿಮಿಷ, ಒರೆಸಿ, ಮೇಲೆ ಬಿಳಿ ಡೆವಲಪರ್. ಕೂದಲೆಳೆಯ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆದು ಮುಂದೆ ಹಬ್ಬದಂತೆ ಮಾಡಿ, ಅಂಚು ಓರೆ ಮಾಡಿ ವೆಲ್ಡ್. ಆಮೇಲೆ 2-3 ಮಿ.ಮೀ. ದಪ್ಪದ ಪ್ಲೇಟ್. ಪ್ಲೇಟಿನ ಮೂಲೆಗಳು ದುಂಡಗಿರಬೇಕು. ಚೂಪು ಮೂಲೆಯಿಂದಲೇ ಮುಂದಿನ ಬಿರುಕು ಹೊರಡುತ್ತದೆ. ಪ್ಲೇಟಿನಲ್ಲಿ 8 ಮಿ.ಮೀ. ತೂತುಗಳನ್ನು ಮಾಡಿ ಅವು ತುಂಬುವಂತೆ ಪ್ಲಗ್ ವೆಲ್ಡ್, ಅಂಚಿಗೆ 20-25 ಮಿ.ಮೀ. ತುಂಡು ತುಂಡಾಗಿ ಜಾಗ ಬದಲಿಸುತ್ತ ವೆಲ್ಡ್. ಒಂದೇ ಸಮನೆ ಎಳೆದರೆ ತಗಡು ಸೊಟ್ಟಗಾಗಿ ಬೋಲ್ಟ್ ತೂತುಗಳ ಜಾಗ ತಪ್ಪುತ್ತದೆ. ಮೊದಲು ಬ್ಯಾಟರಿ ಕಳಚಿಡಿ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಹಿಂಬದಿಯಲ್ಲಿ ಕಿಡಿ ಹಾರಿಸಲೇಬೇಡಿ. ಮುಗಿದ ಮೇಲೆ ಪ್ರೈಮರ್, ಸೀಮ್ ಸೀಲರ್, ಒಳಗೆ ಮೇಣ.

ಎರಕದ ಅಲ್ಯೂಮಿನಿಯಂ ಕಿವಿ ಮುರಿದಿದ್ದರೆ ನಾನು ವೆಲ್ಡ್ ಮಾಡುವುದಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದಲ್ಲಿ ವೆಲ್ಡ್ ಗುಳ್ಳೆ ಗುಳ್ಳೆಯಾಗುತ್ತದೆ, ಸೀಲ್ ಕೂರುವ ಮೈ ಬಾಗುತ್ತದೆ. ಬೇರೆ ಕವರ್ ಹಾಕುವುದೇ ಸರಿ. ಒಂದೇ ಕಿವಿಯ ಕಾರಿಗೆ ಎರಡು ಕಿವಿಯ ಕವರ್ ಹಾಕಿ, ಬಾಡಿಯಲ್ಲಿ ಎರಡನೆಯದಕ್ಕೂ ಹಿಡಿತ ಕಟ್ಟಿದರೆ ಭಾರ ಹಂಚಿಹೋಗುತ್ತದೆ.

ಎಷ್ಟು ಗಟ್ಟಿ

ಹೆಚ್ಚು ಕಾರುಗಳು ಹಾಳಾಗುವುದು ಇಲ್ಲೇ. ಮೂಲ ರಬ್ಬರ್ ಸಾಮಾನ್ಯವಾಗಿ ಗಟ್ಟಿತನದ ಶೋರ್ ಎ ಅಳತೆಯಲ್ಲಿ 50-65, ಪಾಲಿಯುರೆಥೇನ್ 80-95, ಅದರ ಮೇಲೆ ಘನ ಅಲ್ಯೂಮಿನಿಯಂ. ರಸ್ತೆ ಕಾರಿಗೆ ನನ್ನ ಆಯ್ಕೆ ಹೊಸ ಮೂಲ ರಬ್ಬರ್; ಅಂಟು ಟಯರ್ ಇದ್ದರೆ ಅದರ ಕಿಂಡಿಗಳಿಗೆ ಪಾಲಿ ಇನ್ಸರ್ಟ್. ಟ್ರ್ಯಾಕಿಗೆ 90-95ರ ಪಾಲಿ. ಘನ ಮೌಂಟ್ ಬೇಕೆಂದರೆ ಡಿಫ್, ಸಬ್‌ಫ್ರೇಮ್ ಎರಡೂ ಘನವಾಗಿ, ತಗಡಿಗೆ ಪ್ಲೇಟ್ ಹಾಕಿದ ಮೇಲೆ ಮಾತ್ರ. ಕ್ರೌನ್-ಪಿನಿಯನ್ ಊಳಿಡುವುದು ಒಳಗೆಲ್ಲ ಕೇಳುತ್ತದೆ, ಅದಕ್ಕೆ ಒಪ್ಪಿರಬೇಕು.

ಮೂರು ಮೌಂಟ್‌ಗಳಲ್ಲಿ ಒಂದನ್ನು ಮಾತ್ರ ಗಟ್ಟಿ ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೆತ್ತನೆಯ ಎರಡೂ ಬಾಗಿ ತಪ್ಪಿಸಿಕೊಳ್ಳುತ್ತವೆ, ಗಟ್ಟಿಯಾದದ್ದೊಂದೇ ಬಹುಪಾಲು ಬಲ ಹೊರುತ್ತದೆ, ಜೊತೆಗೆ ಹೌಸಿಂಗ್ ಅದರ ಸುತ್ತಲೇ ತಿರುಚಿಕೊಳ್ಳುತ್ತದೆ. ಶುರುವಿನಲ್ಲಿ ಹೇಳಿದ ಸೀಳಿದ ಕಿವಿ ಬರುವುದು ಹೀಗೆ.

ಜೋಡಿಸುವಾಗ ನೈಲಾಕ್ ನಟ್‌ಗಳೆಲ್ಲ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವವು) ಹೊಸವು. ಟಾರ್ಕ್ ಆಯಾ ಕಾರಿನ ಮ್ಯಾನ್ಯುಯಲ್ ಪ್ರಕಾರವೇ. ಅಂದಾಜಿಗೆ ಹೇಳುವುದಾದರೆ ಎಂ12 ಬೋಲ್ಟ್ 8.8 ದರ್ಜೆಗೆ 80, 10.9ಕ್ಕೆ 115-120 ನ್ಯೂಟನ್ ಮೀಟರ್ ಹತ್ತಿರ. ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲಿ ತಿರುಗಿಸಿ ಹಾಕಿ, ಡಿಫ್ ತನ್ನ ಜಾಗಕ್ಕೆ ಎಳೆತವಿಲ್ಲದೆ ಕೂತ ಮೇಲೆ ಬಿಗಿ ಮಾಡಿ. ನಂತರ ಪ್ರೊಪೆಲ್ಲರ್ ಶಾಫ್ಟಿನ ಕೋನ ಅಳೆಯಿರಿ. ಮೂತಿ 40 ಸೆಂ.ಮೀ. ಉದ್ದಕ್ಕೆ 10 ಮಿ.ಮೀ. ಇಳಿದರೂ ಕೋನ 1.4 ಡಿಗ್ರಿ ಬದಲಾಗುತ್ತದೆ. ಎರಡು ಯು.ಜೆ. ಇರುವ ಶಾಫ್ಟಿನಲ್ಲಿ ಮುಂದಿನ, ಹಿಂದಿನ ಕೋನಗಳ ವ್ಯತ್ಯಾಸ 1 ಡಿಗ್ರಿಯೊಳಗೆ ಇರಲಿ. ಹೊಸ ಮೌಂಟ್ ಹಾಕಿದ ಮೇಲೆ ಒಂದು ವೇಗದಲ್ಲಿ ನೆಲ ಗುಂಯ್‌ಗುಟ್ಟಿದರೆ ಇದನ್ನೇ ಮೊದಲು ನೋಡುವುದು.

ಮೂಲ ಕಾರಣ ಬಿಟ್ಟುಬಿಡಬೇಡಿ. ಸತ್ತ ಹಿಂದಿನ ಶಾಕ್ ಅಬ್ಸಾರ್ಬರ್, ಸವೆದ ಟ್ರೇಲಿಂಗ್ ಆರ್ಮ್ ಬುಷ್ ಇವೆರಡೂ ಹಾಪ್‌ಗೆ ಆಹ್ವಾನ. ಹರಿದ ಎಂಜಿನ್, ಗೇರ್‌ಬಾಕ್ಸ್ ಮೌಂಟ್ ಇಡೀ ಸಾಲಿಗೆ ಸಡಿಲ ಕೊಟ್ಟು ಏಟು ಹೆಚ್ಚಿಸುತ್ತವೆ. ಓಡಿಸುವಾಗ ಮೊದಲು ಕ್ಲಚ್ ಕಚ್ಚಿಸಿ ಸಡಿಲವೆಲ್ಲ ಹೀರಿಕೊಳ್ಳುವಂತೆ ಅರ್ಧ ಸೆಕೆಂಡ್ ಕೊಟ್ಟು, ಆಮೇಲೆ ಆಕ್ಸಿಲರೇಟರ್ ಒತ್ತಿ. ಹಿಂಬದಿ ದಡದಡ ಎಂದು ಕುಣಿಯತೊಡಗಿದ ಕ್ಷಣ ಕಾಲು ತೆಗೆಯಿರಿ. ‘ಇನ್ನೇನು ಹಿಡಿಯುತ್ತದೆ’ ಎಂದು ಒತ್ತಿ ಹಿಡಿದವರ ಶಾಫ್ಟ್ ಮುರಿಯುತ್ತದೆ.

ಪ್ರತಿ ಬೋಲ್ಟಿನ ತಲೆಯಿಂದ ಬಾಡಿಯವರೆಗೆ ಒಂದು ಪೇಂಟ್ ಗೆರೆ ಎಳೆದಿಡಿ. 500 ಕಿ.ಮೀ. ಆದ ಮೇಲೆ, ಟ್ರ್ಯಾಕ್ ಕಾರಾದರೆ ಪ್ರತಿ ಸಲ ಓಡಿಸಿದ ಮೇಲೆ, ಟಾರ್ಚ್ ಹಿಡಿದು ನೋಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಅದನ್ನು ಸುಮ್ಮನೆ ಮತ್ತೆ ಬಿಗಿಯದೆ, ಬಿಚ್ಚಿ ತೂತು ಅಂಡಾಕಾರವಾಗಿದೆಯೇ, ಬೋಲ್ಟ್ ಉದ್ದವಾಗಿದೆಯೇ ಎಂದು ಅಳೆದು, ಸಂಶಯ ಬಂದರೆ ಬದಲಿಸಿ.