ಬ್ಯಾಟರಿ ಬದಲಿಸಿದ ಮೇಲೆ ಡ್ರೋನ್ ಗುಂಪಿಗೆ ಸೇರದಿದ್ದರೆ

ಶ್ರೀನಿವಾಸಪುರದ ಮಾವಿನ ತೋಪುಗಳ ಮೇಲೆ ಹಾರಿಸುವ ನಮ್ಮ ಪ್ರತಿ ಡ್ರೋನ್‌ನಲ್ಲೂ ಒಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇದೆ. ಕೆಳಗಿನ ಲ್ಯಾಪ್‌ಟಾಪಿಗೆ ವೈಫೈ ಮೇಲೆ ವೈರ್‌ಗಾರ್ಡ್ (ಗೂಢಲಿಪಿಯ ಸುರಕ್ಷಿತ ಜಾಲ, ವಿಪಿಎನ್) ಸಂಪರ್ಕ. ತೋಪಿನಲ್ಲಿ ಇಂಟರ್ನೆಟ್ ಇಲ್ಲ. ಮೊದಲ ಹಾರಾಟ ಸರಿಯಾಗಿರುತ್ತಿತ್ತು. ಬ್ಯಾಟರಿ ಬದಲಿಸಿದ ಮೇಲೆ ಕೆಲವು ಡ್ರೋನ್ ಸೇರುತ್ತಲೇ ಇರಲಿಲ್ಲ. ವೈಫೈ ವಿಳಾಸಕ್ಕೆ ಪಿಂಗ್ ಹೋಗುತ್ತಿತ್ತು, ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್ (ಎರಡೂ ಕಡೆ ಪರಸ್ಪರ ಗುರುತಿಸಿ ಸಂಪರ್ಕ ಶುರು ಮಾಡುವ ಹಂತ) ಮಾತ್ರ ಆಗುತ್ತಿರಲಿಲ್ಲ.

ವೈಫೈ ಚಾನೆಲ್ ಬದಲಿಸಿದೆ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280 ಬೈಟ್ ಮಾಡಿದೆ, ಕೀಪ್‌ಅಲೈವ್ (ಸಂಪರ್ಕ ಜೀವಂತವಿಡುವ ಸಂದೇಶ) 25 ಸೆಕೆಂಡಿಗೊಮ್ಮೆ ಇಟ್ಟೆ. ಪ್ರಯೋಜನವಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ವೈರ್‌ಗಾರ್ಡ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಎಲ್ಲವೂ ಸೇರುತ್ತಿದ್ದವು, ಮುಂದಿನ ಬ್ಯಾಟರಿವರೆಗೆ ಮಾತ್ರ. ಸುಳಿವು ಸಿಕ್ಕಿದ್ದು ಇಲ್ಲೇ.

ಹಳೆಯ ಸಂದೇಶವನ್ನು ಯಾರೋ ಮತ್ತೆ ಕಳಿಸಿ ಒಳಗೆ ನುಗ್ಗಬಾರದು ಅಂತ, ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ ಸಮಯ ಹಾಕುತ್ತದೆ. ಅದೇ ಡ್ರೋನ್‌ನಿಂದ ಹಿಂದೆ ಕಂಡದ್ದಕ್ಕಿಂತ ಹಳೆಯ ಸಮಯ ಬಂದರೆ ಲ್ಯಾಪ್‌ಟಾಪಿನ ವೈರ್‌ಗಾರ್ಡ್ ಆ ಸಂದೇಶವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ; ನಿಲ್ಲಿಸಿ ಶುರು ಮಾಡಿದರೆ ಮಾತ್ರ ಆ ನೆನಪು ಅಳಿಯುತ್ತದೆ. ಪೈ 4ರಲ್ಲಿ ತನ್ನದೇ ಬ್ಯಾಟರಿಯಿಂದ ಓಡುವ ಗಡಿಯಾರ ಇಲ್ಲ. ಡ್ರೋನ್ ಬ್ಯಾಟರಿ ಕಿತ್ತರೆ ಪೈನ ಸಮಯ ಹಿಂದಕ್ಕೆ ಹೋಗುತ್ತದೆ.

ಪರಿಹಾರ: ಪ್ರತಿ ಪೈಗೂ ಡಿಎಸ್3231 ಗಡಿಯಾರ, ಅಂದರೆ ತನ್ನದೇ ಪುಟ್ಟ ಬ್ಯಾಟರಿಯಿಂದ ಓಡುವ ಗಡಿಯಾರದ ಬೋರ್ಡ್. ಪೈನ 1, 3, 5, 9ನೇ ಪಿನ್‌ಗೆ ಕ್ರಮವಾಗಿ ಗಡಿಯಾರದ 3.3 ವೋಲ್ಟ್, ಎಸ್‌ಡಿಎ (ಡೇಟಾ ತಂತಿ), ಎಸ್‌ಸಿಎಲ್ (ಕ್ಲಾಕ್ ತಂತಿ), ಗ್ರೌಂಡ್. ಪೈನಲ್ಲಿ ಐ2ಸಿ (ಈ ತಂತಿಗಳ ಮೇಲಿನ ಸಂವಹನ) ಆನ್ ಮಾಡಿ, ಅದರ ಸ್ಕ್ಯಾನ್‌ನಲ್ಲಿ ಗಡಿಯಾರದ ವಿಳಾಸ 68 ಕಾಣಬೇಕು. ಕಾನ್ಫಿಗ್ ಫೈಲ್‌ನಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ (ಗಡಿಯಾರವನ್ನು ಪೈಗೆ ಪರಿಚಯಿಸುವ ಸಾಲು) ಸೇರಿಸಿ ಡಿಎಸ್3231 ಅಂತ ಕೊಡಿ. ಉಳಿಸಿಟ್ಟ ಹಳೆಯ ಸಮಯವನ್ನು ಹಾಕುವ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಎಂಬ ಪ್ರೋಗ್ರಾಂ ತೆಗೆಯಿರಿ, ಇದನ್ನು ಮರೆಯಬೇಡಿ. ರೀಬೂಟ್ ಮಾಡಿ. ಮನೆಯ ಇಂಟರ್ನೆಟ್‌ನಲ್ಲಿ ಸಮಯ ಸರಿಯಾದ ಮೇಲೆಯೇ ಅದನ್ನು ಗಡಿಯಾರಕ್ಕೆ ಬರೆಯಿರಿ. ಕೊನೆಗೆ ಲ್ಯಾಪ್‌ಟಾಪಿನ ವೈರ್‌ಗಾರ್ಡ್ ಒಮ್ಮೆ ರೀಸ್ಟಾರ್ಟ್ ಮಾಡಿ.

ತೆರೆದ ವೈಫೈನಲ್ಲಿ ಲ್ಯಾಪ್‌ಟಾಪಿನಿಂದಲೇ ಸಮಯ ಕೊಡಬಹುದಲ್ವಾ? ಬೇಡ. ಯಾರಾದರೂ ಡ್ರೋನ್ ಗಡಿಯಾರವನ್ನು ಮುಂದಕ್ಕೆ ತಳ್ಳಿದರೆ, ಸರಿಯಾದ ಸಮಯಕ್ಕೆ ಮರಳಿದಾಗ ಇದೇ ತೊಂದರೆ ಮತ್ತೆ ಬರುತ್ತದೆ.